ಗಾಳೆಪ್ಪನ ದೊರಿ ಪಾನಕ

ಸಿರುಗುಪ್ಪಕ್ಕೆ ಅಲ್ಲಿಯತನಕ ಬರ್ಫ, ಅಂದರೆ ಮಂಜುಗಡ್ಡೆ, ಬಂದದ್ದು ಮೂರೇ ಸಲ. ಮೂರು ಸಲವೂ ಹೆಣ ಕೆಡದಂತೆ ಇಡುವ ಸಲುವಾಗಿ. ಮಗ ಮದರಾಸಿನಿಂದ ಬರಬೇಕು, ಅಳಿಯ ಬೊಂಬಾಯಿಯಿಂದ ಬರಬೇಕು ಎಂದು ಕಾಯುವ ದೊಡ್ಡ ಮನೆತನದ ಹೆಣಗಳಿಗೆ ಮಾತ್ರ ಆ ಭಾಗ್ಯ. ಬಡವರ ನೆಂಟರು ತೆಕ್ಕಲಕೋಟೆಯಲ್ಲೋ ದೇಶನೂರಿನಲ್ಲೋ ಇರುವವರು, ಹೊತ್ತು ಮುಳುಗುವುದರೊಳಗೆ ಬಂದುಬಿಡುತ್ತಿದ್ದರು. ಹೀಗಾಗಿ ಮರದ ಹೊಟ್ಟು ತುಂಬಿದ ಗೋಣಿಚೀಲವೊಂದು ನೀರು ಸೋರಿಸುತ್ತ ಬಳ್ಳಾರಿ ಬಸ್ಸಿನಿಂದ ಇಳಿಯಿತೆಂದರೆ ಗಂಡಸರು ತಲೆಯ ರುಮಾಲು ತೆಗೆಯುತ್ತಿದ್ದರು, ಹೆಂಗಸರು ಸೆರಗನ್ನು ಬಾಯಿಗೆ ಒಯ್ಯುತ್ತಿದ್ದರು. ಇದು ಊರಿನ ಕೂಸಿಗೂ ಗೊತ್ತಿದ್ದ ಸಂಗತಿ. ಗಾಳೆಪ್ಪನಿಗೂ ಗೊತ್ತಿತ್ತು, ಬೇಕಾದ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ.

ಗಾಳೆಪ್ಪ ಹತ್ತಿ ಗಿರಣಿಯಲ್ಲಿ ಗಂಟೆ ಹೊಡೆಯುವವನು. ಊರಿಗೆಲ್ಲ ಹೊತ್ತು ತಿಳಿಸುವ ಈ ಪುಣ್ಯಾತ್ಮ ತಾನು ಮಾತ್ರ ಒಂದು ದಿನವೂ ಹೊತ್ತಿಗೆ ಸರಿಯಾಗಿ ಎಲ್ಲಿಗೂ ಹೋದವನಲ್ಲ. ಆದರೂ ಅವನಿಗೆ ಊರಲ್ಲಿ ಒಂದು ತೂಕವಿತ್ತು. ಅದಕ್ಕೆ ಕಾರಣ ಗಂಟೆಯಲ್ಲ, ಪಾನಕ.

ಯುದ್ಧದ ಕಾಲದಲ್ಲಿ ಬಳ್ಳಾರಿ ದಂಡಿನಲ್ಲಿ ಇಟಲಿಯ ಕೈದಿಗಳನ್ನು ಇಟ್ಟಿದ್ದಾಗ, ಅಲ್ಲಿನ ಅಧಿಕಾರಿಗಳ ಊಟದ ಮನೆಯಲ್ಲಿ ಗಾಳೆಪ್ಪ ನಾಲ್ಕು ವರ್ಷ ದುಡಿದಿದ್ದ. ಅಲ್ಲೊಬ್ಬ ಕ್ಯಾಪ್ಟನ್ ದೊರೆ ಯಾವುದೋ ದೂರದ ದ್ವೀಪದಲ್ಲಿ ಒಂದು ಪಾನೀಯ ಕಲಿತು ಬಂದಿದ್ದ. ಪುದೀನ, ನಿಂಬೆ, ಸಕ್ಕರೆ, ಸೋಡಾ, ಬರ್ಫ, ಇವೆಲ್ಲದರ ಮೇಲೆ ರಮ್ಮು. ಅದಕ್ಕೊಂದು ಹೆಸರೂ ಇತ್ತು. ಆ ಹೆಸರು ಗಾಳೆಪ್ಪನ ನಾಲಿಗೆಯಲ್ಲಿ ಹೊರಳಲಿಲ್ಲವಾಗಿ, ಊರಿಗೆ ಬಂದ ಮೇಲೆ ಅವನೇ ಅದಕ್ಕೆ ದೊರಿ ಪಾನಕ ಎಂದು ನಾಮಕರಣ ಮಾಡಿದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. "ಅದನ್ನ ಮಾಡತಿದ್ದಾವ ನಾನ" ಎಂದು ಒಂದು ಬಾಲ ಹಚ್ಚಿದ.

ಮಾಡುತ್ತಿದ್ದವನು ಗೋವೆಯ ಬಟ್ಲರ್. ಅವನು ಪರದೆಯ ಆಚೆ ಮಾಡುತ್ತಿದ್ದ. ಪರದೆಯ ಈಚೆ ಕೂತು ಪುದೀನದ ಎಲೆ ಬಿಡಿಸುತ್ತಿದ್ದವನು ನಮ್ಮ ಗಾಳೆಪ್ಪ. ಆಚೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಎಷ್ಟು ಎಂಬುದು ಬಟ್ಲರನಿಗೂ ಭಗವಂತನಿಗೂ ಗೊತ್ತಿದ್ದ ವಿಷಯ.

ಈ ನಿಜ ಊರಲ್ಲಿ ಅವನ ಹೆಂಡತಿ ಹುಲುಗಮ್ಮನಿಗೊಬ್ಬಳಿಗೇ ಗೊತ್ತಿತ್ತು. ತಾಯಿ ದೊಡ್ಡಬಸಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಎನ್ನುವುದೇ ಗಾಳೆಪ್ಪನ ಬಾಳಿನ ದೊಡ್ಡ ಚಿಂತೆ. ಏಕೆಂದರೆ ಮುದುಕಿ ಆ ಮಾತನ್ನು ಹಿಡಿದುಕೊಂಡೇ ಬದುಕಿದ್ದಳು. ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಹೆಣ ಎತ್ತುವ ಮನೆಯಲ್ಲಿ ಸಹ, "ನನ್ನ ಮಗನ ಕೈಯಾಗಿನ ಪಾನಕ ಕುಡದ ಬಿಳೇ ದೊರಿಗಳು ತಣ್ಣಗಾಗಿ ತಮ್ಮ ದೇಶಕ್ಕ ಹೋದ್ರವ್ವ" ಎನ್ನುತ್ತಿದ್ದಳು. ಸ್ವಾತಂತ್ರ್ಯ ಹೇಗೆ ಬಂತೆಂದು ಆ ಓಣಿಯಲ್ಲಿ ಯಾರಿಗೂ ಬೇರೆ ವಿವರಣೆ ಬೇಕಾಗಿರಲಿಲ್ಲ. ರಮ್ಮಿನ ಸಂಗತಿಯನ್ನು ಮಾತ್ರ ಗಾಳೆಪ್ಪ ಅವ್ವನಿಗೆ ಹೇಳಿರಲಿಲ್ಲ. ಆಕೆ ಅದನ್ನು ಬರೀ ಪಾನಕವೆಂದೇ ತಿಳಿದಿದ್ದಳು.

ಹೀಗಿರುವಾಗ ಐವತ್ತನೆಯ ಇಸವಿಯ ವೈಶಾಖದಲ್ಲಿ ಹುಲುಗಮ್ಮನ ತಮ್ಮ, ಕುರುಗೋಡಿನ ಹವಾಲ್ದಾರ ಜಡೆಪ್ಪ, ರಜೆಯ ಮೇಲೆ ಅಕ್ಕನ ಮನೆಗೆ ಬಂದ. ಟ್ರಂಕು ತೆಗೆದು ಅಕ್ಕನಿಗೆ ಸೀರೆ, ಮುದುಕಿಗೆ ಕಂಬಳಿ ಕೊಟ್ಟ. ಬಾವನನ್ನು ಮೂಲೆಗೆ ಕರೆದು, ಉಣ್ಣೆಯ ಕಾಲುಚೀಲದೊಳಗಿಂದ ಒಂದು ಬಾಟ್ಲಿಯ ಕತ್ತು ತೋರಿಸಿದ.

ಗಾಳೆಪ್ಪ ಬಾಗಿಲ ಕಡೆ ನೋಡಿದ. ಪಾನನಿರೋಧದ ಕಾಯಿದೆ ಬಂದು ಊರಿನ ಈಚಲ ಮರಗಳೆಲ್ಲ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದ ಕಾಲ ಅದು. ಅದಕ್ಕಿಂತ ಹೆಚ್ಚಾಗಿ, ಆ ಕಾಯಿದೆಯ ಸಬ್ ಇನ್ಸ್‌ಪೆಕ್ಟರ್ ವಿರೂಪಾಕ್ಷಪ್ಪ ಮೂರನೆಯ ಮನೆಯಲ್ಲೇ ಬಾಡಿಗೆಗಿದ್ದ. ಹೆಂಡತಿ ಮಕ್ಕಳು ಬಳ್ಳಾರಿಯಲ್ಲಿ. ಇಲ್ಲಿ ಅವನಿಗೆ ರೊಟ್ಟಿ ಪುಂಡಿಪಲ್ಯ ಹೋಗುತ್ತಿದ್ದದ್ದು ದೊಡ್ಡಬಸಮ್ಮನ ಒಲೆಯಿಂದ. ಮುದುಕಿಯನ್ನು ಅವ್ವಾ ಎಂದೇ ಕರೆಯುತ್ತಿದ್ದ.

"ಬಾವಾ, ನಮ್ಮ ಕರ್ನಲ್ ಸಾಹೇಬರ ಮನಿಯಾಗ ಒಂದು ಸಲ ನಿಮ್ಮ ದೊರಿ ಪಾನಕ ಕುಡದೀನಿ. ರುಚಿ ಇನ್ನಾ ನಾಲಿಗಿ ಮ್ಯಾಲೈತಿ. ನೀವು ಮಾಡ್ರಿ, ಅದಾ ಹೌದೋ ಅಲ್ಲೋ ನಾ ಹೇಳತೀನಿ" ಎಂದ ಜಡೆಪ್ಪ.

ಇದು ಪಡಸಾಲೆಯಲ್ಲಿ ಕೂತಿದ್ದ ದೊಡ್ಡಬಸಮ್ಮನ ಕಿವಿಗೆ ಬಿತ್ತು. "ಮಾಡತಾನಪ, ಯಾಕ ಮಾಡಂಗಿಲ್ಲ? ಆರು ವರ್ಷದಿಂದ ನಾನೂ ಕೇಳಾಕತ್ತೀನಿ. ಮೂರು ಖಂಡದ ದೊರಿಗಳಿಗೆ ಮಾಡಿದಾವ, ಹೆತ್ತ ತಾಯಿಗೆ ಒಂದು ಹನಿ ಕುಡಿಸಿಲ್ಲ!"

ಮೂರು ಖಂಡ ಎಲ್ಲಿಂದ ಬಂದವೋ ಗಾಳೆಪ್ಪನಿಗೂ ತಿಳಿಯಲಿಲ್ಲ. ತಪ್ಪಿಸಿಕೊಳ್ಳಲು ಅವನು ತನಗೆ ತಿಳಿದ ಒಂದೇ ದಾರಿ ಹಿಡಿದ: ಸಾಮಾನಿನ ಪಟ್ಟಿ.

"ಪುದೀನ ಬೇಕಾಗತೈತಿ."

"ಮಾಬುಬೀ ಹಿತ್ತಲದಾಗ ಕಾಡು ಬೆಳದಂಗ ಬೆಳದೈತಿ" ಎಂದಳು ತಾಯಿ.

"ಸಕ್ರಿ ಬೇಕು. ರೇಶನ್ನಿನಾಗ ಎಲ್ಲೈತಿ?"

"ಉಗಾದಿದು ಉಳಿಸೀನಿ" ಎಂದಳು ಹೆಂಡತಿ, ಗಂಡನ ಮೋರೆ ನೋಡುತ್ತ, ನಗು ತಡೆಯುತ್ತ.

ನಿಂಬೆಹಣ್ಣು ಮನೆಯಲ್ಲೇ ಇತ್ತು. ಗೋಲಿ ಸೋಡಾ ಉಚ್ಚೆಂಗೆಪ್ಪನ ಅಂಗಡಿಯಲ್ಲಿತ್ತು. ಗಾಳೆಪ್ಪ ಕೊನೆಯ ಬಾಣ ತೆಗೆದ.

"ಬರ್ಫ! ಬರ್ಫ ಇಲ್ದ ಹೋದ್ರ ಅದು ದೊರಿ ಪಾನಕ ಅಲ್ಲ, ಬರೇ ಪಾನಕ. ವೈಶಾಖದಾಗ ಸಿರುಗುಪ್ಪಕ್ಕ ಬರ್ಫ ಎಲ್ಲಿಂದ ತರೂದು? ನನ್ನ ಕೈ ಕಟ್ಟಿಹಾಕಿದಂಗಾತು, ನೋಡ್ರಿ" ಎಂದು, ಗೆದ್ದವನ ಹಾಗೆ ಗೋಡೆಗೆ ಒರಗಿ ಕೂತ.

ಜಡೆಪ್ಪ ಸಿಪಾಯಿ. ಕೋಟೆ ಕಂಡರೆ ಅವನಿಗೆ ಹುರುಪು. ಸಂಜೆಯ ಬಸ್ಸಿನ ಡ್ರೈವರ್ ಕರೀಮಸಾಬನಿಗೆ ಹೇಳಿಯೇಬಿಟ್ಟ. ಮರುದಿನ ಬಳ್ಳಾರಿಯಿಂದ ಒಂದು ಇಡೀ ಗಡ್ಡೆ ಬರ್ಫ, ಗಾಳೆಪ್ಪನ ಮನೆಗೆ.

ಕರೀಮಸಾಬ ಒಳ್ಳೆಯ ಮನುಷ್ಯ. ಒಂದೇ ದೋಷವೆಂದರೆ ಮಾತು ಕಡಿಮೆ. ಮರುದಿನ ಬಸ್ಸು ಕುರುಗೋಡಿನಲ್ಲಿ ನಿಂತಾಗ ಹುಲುಗಮ್ಮನ ಚಿಗವ್ವ ಪಕ್ಕೀರಮ್ಮ ಬೇವಿನ ಮರದ ಕೆಳಗೆ ಕೂತಿದ್ದಳು. ಬಸ್ಸಿನ ಮೇಲಿನಿಂದ ಹನಿ ಹನಿ ನೀರು ಸೋರುವುದನ್ನು ನೋಡಿ ಎದ್ದು ನಿಂತಳು.

"ಕರೀಮಸಾಬ, ಬರ್ಫ ಯಾರ ಮನಿಗೋ ಎಪ್ಪಾ?"

"ಸಿರುಗುಪ್ಪ. ಗಾಳೆಪ್ಪನ ಮನಿಗೆ. ಜಲ್ದಿ ಹೋಗಬೇಕವ್ವ, ಕರಗತೈತಿ."

ಪಕ್ಕೀರಮ್ಮ ಲೆಕ್ಕ ಹಾಕಿದಳು. ಅಕ್ಕನನ್ನು ನೋಡಿ ಬರುತ್ತೇನೆಂದು ಹೋದ ಜಡೆಪ್ಪ ಎರಡು ದಿನವಾದರೂ ತಿರುಗಿ ಬಂದಿಲ್ಲ. ಆ ಮನೆಯಲ್ಲಿ ಹಣ್ಣಾದ ಜೀವ ಒಂದೇ. ಅಷ್ಟು ಸಾಕಾಯಿತು. "ಅಯ್ಯೋ, ನನ್ನ ಬೀಗತಿ ಹೋದಳಲ್ಲೋ!" ಎಂದು ಎದೆ ಬಡಿದುಕೊಂಡಳು.

ಈ ಇಬ್ಬರು ಬೀಗತಿಯರು ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಹುಲುಗಮ್ಮನ ಮದುವೆಯಲ್ಲಿ ಪಕ್ಕೀರಮ್ಮ ಮಾಡಿದ ಹೋಳಿಗೆಯನ್ನು ದೊಡ್ಡಬಸಮ್ಮ ಎತ್ತಿ ಹಿಡಿದು, "ಇದರಾಗ ಆಚಿ ಓಣಿ ಕಾಣತೈತಿ" ಎಂದು ಹೂರಣದ ಜಿಪುಣತನ ಆಡಿಕೊಂಡಿದ್ದೇ ಕಾರಣ. ಆದರೆ ಸಾವಿನ ಮುಂದೆ ಹೋಳಿಗೆಯ ಜಗಳ ಎಷ್ಟರದು? ಪಕ್ಕೀರಮ್ಮ ಹತ್ತು ಜನರನ್ನು ಕಟ್ಟಿಕೊಂಡು ಬಸ್ಸು ಹತ್ತಿದಳು. ತೆಕ್ಕಲಕೋಟೆಯಲ್ಲಿ ಹತ್ತಿದ ಇಬ್ಬರು ಈ ಮನೆತನಕ್ಕೆ ಏನೂ ಆಗಬೇಕಾದವರಲ್ಲ. ಅಳುವವರ ನಡುವೆ ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಅವರೂ ಕಣ್ಣೊರೆಸಿಕೊಳ್ಳತೊಡಗಿದರು.

ಮಧ್ಯಾಹ್ನದ ಬಿಡುವಿನಲ್ಲಿ ಗಾಳೆಪ್ಪ ಪಡಸಾಲೆಯಲ್ಲಿ ಕೂತು, ಮುಂದೆ ಒರಳು, ನಿಂಬೆ, ಸೋಡಾ, ಪುದೀನದ ಗುಡ್ಡೆ ಇಟ್ಟುಕೊಂಡು, ಬಸ್ಸು ಕೆಟ್ಟು ನಿಲ್ಲಲಿ ಎಂದು ಕುಲದೇವರಿಗೆ ಮೊರೆಯಿಡುತ್ತಿದ್ದ. ಪಕ್ಕದಲ್ಲಿ ಜಡೆಪ್ಪ, ಕಾಲುಚೀಲ ಕಳಚಿದ ಬಾಟ್ಲಿ. ದೊಡ್ಡಬಸಮ್ಮ ಹಿಂದಿನ ಕೋಣೆಯಲ್ಲಿ ನೀರಿನ ಗಡಿಗೆಗಳ ತಂಪಿಗೆ ಮಲಗಿದ್ದಳು.

ಹೊರಗೆ ಗೋಳು ಕೇಳಿತು. ಗಾಳೆಪ್ಪ ಬಾಗಿಲಿಗೆ ಬಂದು ನೋಡಿದರೆ ಮುಂದೆ ಕರೀಮಸಾಬ ಹೊತ್ತ ಬರ್ಫದ ಚೀಲ, ಹಿಂದೆ ಕುರುಗೋಡಿನ ಬೀಗರ ಹಿಂಡು, ಅವರ ಹಿಂದೆ ಅರ್ಧ ಸಿರುಗುಪ್ಪ. ಬೀಗರು ಅಳುತ್ತ ಬಂದರೆಂದರೆ ಬೀಗರ ಮನೆಯಲ್ಲೇ ಯಾರೋ ಹೋಗಿರಬೇಕು ಎಂದುಕೊಂಡ. ಅತ್ತು ಬಂದವರನ್ನು "ಯಾರು ಸತ್ತರು?" ಎಂದು ಕೇಳುವುದು ನಮ್ಮ ಕಡೆ ಮರ್ಯಾದೆಯಲ್ಲ, ಮೊದಲು ಅಳಬೇಕು, ಆಮೇಲೆ ಮೆಲ್ಲಗೆ ತಿಳಿದುಕೊಳ್ಳಬೇಕು. ಗಾಳೆಪ್ಪ ಮರ್ಯಾದಸ್ಥ. ಪುದೀನ ಹತ್ತಿದ ಕೈಯಿಂದಲೇ ಎದುರಿಗೆ ಬಂದವನನ್ನು ತಬ್ಬಿಕೊಂಡು ಅತ್ತ. ಅವನು ತೆಕ್ಕಲಕೋಟೆಯವನು. ಹುಲುಗಮ್ಮ ತವರಿನ ಮಂದಿಯನ್ನು ಕಂಡು ತನ್ನ ಕಾಕನೇ ಹೋದನೆಂದು ಅತ್ತಳು. ಆ ಕಾಕ ಅವಳ ಪಕ್ಕದಲ್ಲೇ ಕೂತು ಅಳುತ್ತಿದ್ದ; ಮುಖಕ್ಕೆ ರುಮಾಲು ಮುಚ್ಚಿಕೊಂಡಿದ್ದರಿಂದ ಕಾಣಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಷ್ಟೆ. ಪಕ್ಕದ ಮನೆಯ ಮಾಬುಬೀ ಆಗಲೇ ದೊಡ್ಡ ಬೋಗುಣಿಯಲ್ಲಿ ಅನ್ನ ಸಾರು ಹೊತ್ತು ತಂದು, "ಮುಂಜಾನಿ ಪುದೀನ ಕೇಳಿದಾಗರ ಒಂದು ಮಾತು ಹೇಳಬಾರದ ಹುಲುಗವ್ವ" ಎಂದು ಕಣ್ಣೀರು ಹಾಕಿದಳು.

ಈ ಗದ್ದಲಕ್ಕೆ ಹಿಂದಿನ ಕೋಣೆಯಲ್ಲಿ ದೊಡ್ಡಬಸಮ್ಮನಿಗೆ ಎಚ್ಚರವಾಯಿತು. ಈಗ ಒಂದು ಮಾತು ಹೇಳಲೇಬೇಕು. ಹಾಡಿಕೊಂಡು ಅಳುವುದರಲ್ಲಿ ಆಕೆಯನ್ನು ಮೀರಿಸಿದವರು ತಾಲೂಕಿನಲ್ಲೇ ಇರಲಿಲ್ಲ. ಕೆಂಚನಗುಡ್ಡದಿಂದ ಬಂಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಸ್ವಂತ ಮನೆಯಲ್ಲೇ ಗೋಳು ಎದ್ದಿದೆ, ತಾನು ಹಿಂದೆ ಬಿದ್ದೆನಲ್ಲ ಎಂದು ಆಕೆ ಮೊಣಕಾಲು ನೋವನ್ನೂ ಮರೆತು ಸೆರಗು ಮುಸುಕು ಹಾಕಿಕೊಂಡು ಬಂದು, ಪಕ್ಕೀರಮ್ಮನ ಪಕ್ಕಕ್ಕೆ ಕೂತು, ದನಿ ಕೂಡಿಸಿಯೇಬಿಟ್ಟಳು.

"ಎಂಥಾಕಿ ಹೋದಳವ್ವಾ, ಮನಿಗೆ ಕಳಸದಂಥಾಕೀ..." ಎಂದು ಪಕ್ಕೀರಮ್ಮ ಎಳೆದಳು.

"ಕಳಸ ಹೋದ ಮ್ಯಾಲ ಗುಡಿ ಯಾಕ ಬೇಕವ್ವಾ..." ಎಂದು ಮುಸುಕು ಹಿಂಬಾಲಿಸಿತು. ಸೇರಿದವರೆಲ್ಲ ಬಿಕ್ಕಿದರು. ಇಂಥ ಅಳು ತಲೆಮಾರಿಗೊಂದು ಸಲ ಸಿಗುವುದು.

"ನನ್ನ ಹೋಳಿಗಿ ತೆಳ್ಳಗ ಅಂದರೂ, ಮನಸ್ಸು ಬಂಗಾರ ಇತ್ತವ್ವಾ..."

"ತೆಳ್ಳಗಿದ್ದದ್ದಂತೂ ಖರೇನ ಇತ್ತವ್ವಾ..." ಎಂದು ಮುಸುಕು ಅದೇ ರಾಗದಲ್ಲಿ ಎತ್ತಿ ಕೊಟ್ಟಿತು.

ಪಕ್ಕೀರಮ್ಮನ ರಾಗ ನಡುವೆಯೇ ತುಂಡಾಯಿತು. ಎಂಟು ವರ್ಷದಿಂದ ಈ ಲೋಕದಲ್ಲಿ ಆ ಮಾತನ್ನು ಆಡಿದ ಬಾಯಿ ಒಂದೇ. ಮೆಲ್ಲಗೆ ಮುಸುಕು ಎತ್ತಿ ನೋಡಿ, "ಎವ್ವಾ!" ಎಂದು ಚೀರಿ ಕಾಕನ ಮೈಮೇಲೆ ಬಿದ್ದಳು.

"ಯಾಕಬೇ, ಏನಾತು? ಸತ್ತಾಕಿ ಯಾರು?" ಎಂದಳು ದೊಡ್ಡಬಸಮ್ಮ.

"ನೀನ!" ಎಂದರು ಹದಿನೈದು ಮಂದಿ ಒಟ್ಟಿಗೆ.

ಮುದುಕಿ ಬರ್ಫದ ಚೀಲ ನೋಡಿದಳು, ಮಗನ ಮುಖ ನೋಡಿದಳು, ಎಲ್ಲ ತಿಳಿದು ಹಣೆ ಹಣೆ ಬಡಿದುಕೊಂಡಳು. ಅಷ್ಟರಲ್ಲಿ ಹೊರಗಿನಿಂದ, "ಇನ್ಸ್‌ಪೆಕ್ಟರ್ ಸಾಹೇಬರು ಬಂದ್ರು, ದಾರಿ ಬಿಡ್ರಿ" ಎಂದು ಯಾರೋ ಕೂಗಿದರು.

ವಿರೂಪಾಕ್ಷಪ್ಪ ಟೊಪ್ಪಿಗೆ ಕಂಕುಳಲ್ಲಿ ಇರಿಸಿ, ಕೈಯಲ್ಲಿ ಚೆಂಡುಹೂವಿನ ಹಾರ ಹಿಡಿದು, ಕಣ್ಣು ಕೆಂಪು ಮಾಡಿಕೊಂಡು ಬಾಗಿಲು ದಾಟುತ್ತಿದ್ದ. ಪಡಸಾಲೆಯ ನಟ್ಟನಡುವೆ, ನಿಂಬೆಹಣ್ಣುಗಳ ಸಾಲಿನಲ್ಲಿ, ರಮ್ಮಿನ ಬಾಟ್ಲಿ ಮದುಮಗನ ಹಾಗೆ ನಿಂತಿತ್ತು. ಗಾಳೆಪ್ಪ ಅದನ್ನು ನೋಡಿದ; ಜೈಲು ಕಂಡಿತು. ಜಡೆಪ್ಪ ನೋಡಿದ, ಹವಾಲ್ದಾರನ ಪಟ್ಟಿ ಕಳಚಿದ ತೋಳು ಕಂಡಿತು. ಗಂಡಸರಿಬ್ಬರೂ ಕಲ್ಲಾದರು.

ಹುಲುಗಮ್ಮ ಕಲ್ಲಾಗಲಿಲ್ಲ. ಒಂದೇ ಹೆಜ್ಜೆಗೆ ಬಾಟ್ಲಿ ಎತ್ತಿಕೊಂಡು ಅತ್ತೆಯ ಕಾಲ ಬುಡದಲ್ಲಿ ಕೂತು, ಮುಚ್ಚಳ ತೆಗೆದು, ಮೊಣಕಾಲ ಮೇಲೆ ಗಳಗಳ ಸುರಿದು ತಿಕ್ಕತೊಡಗಿದಳು. "ತಮ್ಮ ಮಿಲಿಟ್ರಿಯಿಂದ ತಂದಾನ್ರಿ ಸಾಹೇಬ್ರ, ಕೀಲುನೋವಿನ ಎಣ್ಣಿ. ನಮ್ಮತ್ತಿ ಇನ್ನಾ ಗಟ್ಟಿ ಅದಾರ, ಊರಾಗ ಸುಳ್ಳು ಸುದ್ದಿ ಹಬ್ಬೈತಿ."

"ಆಹಾ, ಎಷ್ಟು ತಣ್ಣಗೈತಿ! ಆ ಕಾಲಿಗೂ ಹಾಕಬೇ, ಕೈ ಬಿಗಿ ಹಿಡೀಬ್ಯಾಡ" ಎಂದಳು ಅತ್ತೆ.

ಹುಲುಗಮ್ಮ ಕೈ ಬಿಗಿ ಹಿಡಿಯಲಿಲ್ಲ. ಎರಡು ವರ್ಷ ಕಾದು, ಸಾವಿರ ಮೈಲು ರೈಲಿನಲ್ಲಿ ಎದೆಗವಚಿಕೊಂಡು ತಂದದ್ದು ಮುದುಕಿಯ ಮೊಣಕಾಲಿನಿಂದ ಮೀನಖಂಡಕ್ಕೆ, ಅಲ್ಲಿಂದ ನೆಲಕ್ಕೆ ಇಳಿಯುವುದನ್ನು ಜಡೆಪ್ಪ ನೋಡಿದ. ಅಂದು ಆ ಮನೆಯಲ್ಲಿ ನಿಜವಾದ ದುಃಖದಿಂದ ಅತ್ತವನು ಅವನೊಬ್ಬನೇ.

ಇನ್ಸ್‌ಪೆಕ್ಟರ್ ಮೂಗು ಅರಳಿಸಿದ. ಅದು ಇಲಾಖೆಯಲ್ಲಿ ಪಳಗಿದ ಮೂಗು. "ಅವ್ವಾ, ಈ ಎಣ್ಣಿ..."

"ನಿನಗೂ ಮೊಣಕಾಲು ನೋಯತಾವೇನಪಾ? ಬಾ, ಕುಂದ್ರು, ಹಚ್ಚತಾಳ" ಎಂದು ಮುದುಕಿ ಪಕ್ಕಕ್ಕೆ ಸರಿದಳು.

ವಿರೂಪಾಕ್ಷಪ್ಪ ಆಕೆಯ ಮುಖ ನೋಡಿದ. ಕುಡಿಯಬಾರದೆಂದು ಕಾಯಿದೆ ಹೇಳಿತ್ತು. ಮೊಣಕಾಲು ಕುಡಿದರೆ ಏನೆಂದು ಹೇಳಿರಲಿಲ್ಲ. ದಿನಾ ರೊಟ್ಟಿ ಬಡಿಯುವ ಕೈ ಇನ್ನೂ ಬೆಚ್ಚಗಿದೆ ಎಂಬ ಸಂತೋಷವೇ ಅವನಿಗೆ ದೊಡ್ಡದಾಗಿತ್ತು. ತಂದ ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಆಕೆಯ ಕೊರಳಿಗೇ ಹಾಕಿ, ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮುಟ್ಟಿದ ಬೆರಳನ್ನು ಒಂದು ಸಲ ಮೂಸಿ ನೋಡಿದ್ದನ್ನು ಹುಲುಗಮ್ಮ ಮಾತ್ರ ಕಂಡಳು.

ಗಂಡಾಂತರ ಕಳೆಯಿತೆಂದು ಗಾಳೆಪ್ಪ ಉಸಿರು ಬಿಡುವಷ್ಟರಲ್ಲಿ ತಾಯಿ ಹಾರ ಸರಿಪಡಿಸಿಕೊಂಡು ಕೂತಳು. "ಬಿಸಲಾಗ ಬಂದ ಮಂದಿ ಗಂಟಲು ಹರಕೊಂಡು ಅತ್ತಾರ. ಬರ್ಫ ಕರಗಾಕತ್ತೈತಿ. ಗಾಳ್ಯಾ, ಏನ ನೋಡ್ತೀಲೇ? ಎಲ್ಲಾರಿಗೂ ದೊರಿ ಪಾನಕ ಮಾಡು!"

ಐವತ್ತು ಜೊತೆ ಕಣ್ಣು ಅವನ ಕಡೆ ತಿರುಗಿದವು. ಗಾಳೆಪ್ಪ ಒರಳಿನ ಮುಂದೆ ಕೂತ. ಪುದೀನದ ಗುಡ್ಡೆಗೆ ಕೈ ಹಾಕಿದ್ದೇ ತಡ, ಬೆರಳುಗಳು ತಾವೇ ಓಡಿದವು; ಕಡ್ಡಿ ಆ ಕಡೆ, ಎಲೆ ಈ ಕಡೆ, ಒಂದು ಎಲೆ ಹರಿಯಲಿಲ್ಲ, ಒಂದು ಕಡ್ಡಿ ಉಳಿಯಲಿಲ್ಲ. ಆಮೇಲೆ ಗಾಡಿ ನಿಂತಿತು. ಎಲೆ ಜಜ್ಜಿ ಹೆಂಡತಿಯ ಮುಖ ನೋಡಿದ. ನಿಂಬೆ ಹಿಂಡಿ ಸೂರು ನೋಡಿದ. ಉಗಾದಿಯ ಸಕ್ಕರೆ ಐವತ್ತು ಜನಕ್ಕೆ ಎಲ್ಲಿ ಸಾಲಬೇಕು? ಹುಲುಗಮ್ಮ ಮಾತಾಡದೆ ಕಂಪ್ಲಿಯ ಬೆಲ್ಲದ ಅಚ್ಚು ತಂದು ಮುಂದಿಟ್ಟಳು. ಬೆಲ್ಲ ಕುಟ್ಟಿ ಹಾಕಿ, ಉಚ್ಚೆಂಗೆಪ್ಪ ಹೊತ್ತು ತಂದ ಸೋಡಾಗಳನ್ನು ಟಪಟಪ ಒಡೆದು ಸುರಿದು, ಬರ್ಫ ಜಜ್ಜಿ ತುಂಬಿ, ದೇವರ ಮೇಲೆ ಭಾರ ಹಾಕಿ ಕಲಕಿದ. ಮೊದಲ ಲೋಟ ಜಡೆಪ್ಪನಿಗೆ ಹೋಯಿತು.

ಜಡೆಪ್ಪ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಗಾಳೆಪ್ಪ ಅವ್ವನ ಮುಖ ನೋಡಲಾರದೆ ಒರಳಿನೊಳಗೆ ನೋಡುತ್ತಿದ್ದ. ಜಡೆಪ್ಪ ಕಣ್ಣು ತೆರೆದಾಗ ಎದುರಿಗೆ ಮುದುಕಿ, ಹಾರ ಹಾಕಿಕೊಂಡು, ಮಗುವಿನ ಹಾಗೆ ಬಾಯಿ ತೆರೆದು ಕಾಯುತ್ತಿದ್ದಳು.

"ಇದರ ಮುಂದ ನಮ್ಮ ಕರ್ನಲ್ ಸಾಹೇಬರದು ಕಾಲುವಿ ನೀರು" ಎಂದ.

"ನಾ ಹೇಳಲಿಲ್ಲೇನು!" ಎಂದು ದೊಡ್ಡಬಸಮ್ಮ ತೊಡೆ ತಟ್ಟಿದಳು. ತಾನೂ ಮೂರು ಲೋಟ ಕುಡಿದಳು. ಪಕ್ಕೀರಮ್ಮನಿಗೆ ಸ್ವಂತ ಕೈಯಿಂದ ಕುಡಿಸಿದಳು. ಹೋಳಿಗೆಯ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ವಿರೂಪಾಕ್ಷಪ್ಪ ಲೋಟ ಖಾಲಿ ಮಾಡಿ, ನಾಲಿಗೆ ಚಪ್ಪರಿಸಿ, "ಚಲೋ ಐತಿ. ಆದರ ಏನೋ ಒಂದು ಕಡಿಮಿ ಐತಿ" ಎಂದ. ಎಲ್ಲರೂ ತನ್ನನ್ನೇ ನೋಡುವುದು ಕಂಡು, "ಹಂಗ ಅನಿಸ್ತು ಅಷ್ಟ. ನನಗೇನು ಗೊತ್ತು?" ಎಂದು ಟೊಪ್ಪಿಗೆ ಹಾಕಿಕೊಂಡು ಹೊರಟುಹೋದ.

ಸಂಜೆ ಬೀಗರೆಲ್ಲ ಬಸ್ಸು ಹತ್ತಿದ ಮೇಲೆ ದೊಡ್ಡಬಸಮ್ಮ ಕಟ್ಟೆಯ ಮೇಲೆ ಕೂತು ಮಗನನ್ನು ಕರೆದಳು.

"ಗಾಳ್ಯಾ, ದಂಡಿನಾಗ ನೀ ಎಲಿ ಬಿಡಸತಿದ್ದಿ, ಹೌದಲ್ಲೋ?"

"ಯಾರು ಹೇಳಿದ್ರಬೇ?"

"ನಿನ್ನ ಬೆರಳ ಹೇಳಿದ್ವು. ಎಲಿ ಬಿಡಿಸೂವಾಗ ಓಡಿದ್ವು, ಉಳಿದದ್ದು ಮಾಡೂವಾಗ ಸೂರು ನೋಡಿದ್ವು."

ಅವನು ತಲೆ ತಗ್ಗಿಸಿದ. ಆರು ವರ್ಷದಿಂದ ಹೆದರಿದ್ದ ಗಳಿಗೆ ಬಂದಿತ್ತು. ಬಂದ ಮೇಲೆ ಯಾಕೋ ಅಷ್ಟು ಭಯಂಕರವಾಗಿ ಕಾಣಲಿಲ್ಲ. "ಇನ್ನ ಊರಾಗ ಏನಂತ ಹೇಳತೀಬೇ?"

"ಏನು ಹೇಳೂದು? ಅಲ್ಲೆ ಮಾಡಿದ್ಯೋ ಇಲ್ಲೋ, ಇಲ್ಲೆ ಮಾಡಿದಿ. ನಾ ಕುಡದೆ" ಎಂದು ಆಕೆ ಅವನ ತಲೆಯ ಮೇಲೆ ಕೈ ಇಟ್ಟಳು. ಮೊಣಕಾಲು ಸವರಿಕೊಂಡ ಕೈಯಲ್ಲಿ ಇನ್ನೂ ರಮ್ಮಿನ ವಾಸನೆಯಿತ್ತು. "ನಾ ಖರೇ ಹೋದಾಗನೂ ಬಂದ ಮಂದಿಗೆ ಇದನ್ನ ಮಾಡಿ ಕೊಡು. ಅತ್ತ ಗಂಟಲಿಗೆ ಭಾಳ ಹಿತ ಆಗತೈತಿ."

ಮತ್ತೆರಡು ವೈಶಾಖ ಕಳೆದು, ಒಂದು ಮುಂಜಾನೆ ದೊಡ್ಡಬಸಮ್ಮ ಯಾರಿಗೂ ತೊಂದರೆ ಕೊಡದೆ, ಮಲಗಿದ ಜಾಗದಲ್ಲೇ ಹೋದಳು. ಪುಣೆಯಲ್ಲಿದ್ದ ಜಡೆಪ್ಪ ತಾನು ಬರುವತನಕ ತಡೆಯಿರಿ ಎಂದು ತಂತಿ ಕೊಟ್ಟಿದ್ದ. ಹಾಗಾಗಿ ಕರೀಮಸಾಬನ ಬಸ್ಸಿನಿಂದ ಮತ್ತೆ ಬರ್ಫದ ಚೀಲ ಇಳಿಯಿತು. ಸಾವಿನ ಸುದ್ದಿಗಿಂತ ಮೊದಲು ಗಾಳೆಪ್ಪನ ಮನೆಗೆ ಬರ್ಫ ಬಂತೆಂಬ ಸುದ್ದಿ ಹಬ್ಬಿತು. ಸಂಜೆಯೊಳಗೆ ಊರಿಗೆ ಊರೇ ಬಂತು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಲೋಟ.

ಬಾಗಿಲಲ್ಲಿ ನಿಂತು ಒಳಗೆ ನೋಡಿದವರು ನಾಚಿ, ಹೆಂಗಸರು ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡರು, ಗಂಡಸರು ಬೆನ್ನ ಹಿಂದೆ ಹಿಡಿದರು. ಅತ್ತು ಕಣ್ಣು ಊದಿದ್ದ ಗಾಳೆಪ್ಪ ಅದನ್ನು ನೋಡಿದ. ನೋಡಿ, ದುಃಖದ ನಡುವೆಯೇ ನಕ್ಕ. "ತಾ ಮಾಬುಬೀ, ಪುದೀನ ತಾ" ಎಂದ.

ಎಲೆ ಬಿಡಿಸುವಾಗ ಬೆರಳು ಓಡಿದವು. ಜಜ್ಜುವಾಗಲೂ ಹಿಂಡುವಾಗಲೂ ಈ ಸಲ ಅವನು ಸೂರು ನೋಡಲಿಲ್ಲ. ಪಕ್ಕೀರಮ್ಮ ಹಾಡಿ ಹಾಡಿ ಒಡೆದ ಗಂಟಲಿಗೆ ಎರಡು ಲೋಟ ಕುಡಿದಳು. ಅವಳ ರಾಗಕ್ಕೆ ದನಿ ಕೂಡಿಸುವವರು ಯಾರೂ ಇರಲಿಲ್ಲ. ಬಳ್ಳಾರಿಗೆ ವರ್ಗವಾಗಿದ್ದ ವಿರೂಪಾಕ್ಷಪ್ಪನೂ ಹಾರ ಹಿಡಿದುಕೊಂಡು ಬಂದಿದ್ದ. ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು, ಒಳಗೆ ಅವ್ವನನ್ನು ಮಲಗಿಸಿದ್ದ ಕಡೆ ನೋಡಿದ.

"ಏನೋ ಒಂದು ಕಡಿಮಿ ಐತಿ, ಗಾಳೆಪ್ಪ" ಎಂದ.

ಗಾಳೆಪ್ಪ ಹೌದೆಂದು ತಲೆಯಾಡಿಸಿದ.